ಆಫ್ ಮಾಡಿದರೂ ನಿಲ್ಲದ ವೈಪರ್: ಸ್ವಿಚ್ ಬದಲಿಸಿದ ಮೇಲೂ ಉಳಿದ ದೋಷ

ಗಾಡಿ ತೀರ್ಥಹಳ್ಳಿ ಕಡೆಯದು. ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವೈಪರ್ ವೈರಿಂಗ್ ಹಳೆಯ ಕ್ರಮದ್ದು: ಕಂಪ್ಯೂಟರ್ ಇಲ್ಲ, ಮಳೆ ಸೆನ್ಸರ್ ಇಲ್ಲ, ಬಿಟ್ಟು ಬಿಟ್ಟು ಒರೆಸುವ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಕೂಡ ಸ್ಟೇರಿಂಗ್ ಪಕ್ಕದ ಲಿವರ್‌ನ ಒಳಗೇ ಅಡಗಿದೆ. ಮುಂಗಾರು ಹಿಡಿದ ವಾರ ಮಾಲೀಕರು ಹೊಸ ಬ್ಲೇಡ್ ಹಾಕಿಸಿದ್ದರು. ಮೂರನೆಯ ದಿನದಿಂದ ತೊಂದರೆ ಶುರು. ಲಿವರನ್ನು ಆಫ್‌ಗೆ ತಂದರೂ ವೈಪರ್ ನಿಧಾನ ವೇಗದಲ್ಲಿ ಓಡುತ್ತಲೇ ಇರುತ್ತದೆ. ಕೀ ತಿರುಗಿಸಿ ಇಗ್ನಿಷನ್ ತೆಗೆದರೆ ಮಾತ್ರ ನಿಲ್ಲುತ್ತದೆ, ಅದೂ ಗಾಜಿನ ಮೇಲೆ ಎಲ್ಲಿದೆಯೋ ಅಲ್ಲೇ.

ಗಾಡಿ ನಮ್ಮ ಮುಂದೆ ಬರುವ ಹೊತ್ತಿಗೆ ಒಂದಷ್ಟು ಕೆಲಸ ಆಗಿಹೋಗಿತ್ತು. ಹೊಸ ಬ್ಲೇಡ್ ತೆಗೆದು ಹಳೆಯದನ್ನು ಹಾಕಿ ನೋಡಿದ್ದರು. ಎರಡು ದಿನ ಸರಿಹೋದಂತೆ ಕಂಡಿತ್ತು, ಆಮೇಲೆ ಯಥಾಪ್ರಕಾರ. ಬಳಿಕ ಒಂದು ಗ್ಯಾರೇಜಿನಲ್ಲಿ ಲಿವರ್‌ನ ಕಪ್ಲರ್, ಅಂದರೆ ತಂತಿಗಳನ್ನು ಸೇರಿಸುವ ಪ್ಲಗ್, ಕಳಚಿದ್ದರು. ವೈಪರ್ ತಕ್ಷಣ ನಿಂತಿತು. 'ಸ್ವಿಚ್ ಹೋಗಿದೆ' ಎಂದು ಹೊಸ ಕಾಂಬಿನೇಷನ್ ಸ್ವಿಚ್ (ಲಿವರ್ ಸಮೇತದ ಸ್ವಿಚ್) ಹಾಕಿದರು. ಹೊಸ ಸ್ವಿಚ್ಚಿನಲ್ಲೂ ಅದೇ ಕಥೆ. ಮತ್ತೆ ಕರೆಂಟಿಗೆ ದಾರಿ ಇದ್ದರೆ ಬೀಪ್ ಹೊಡೆಯುವ ಮೀಟರ್ ಹಿಡಿದು, ಬ್ಲೇಡನ್ನು ಕೆಳಗೆ ತಂದು ನಿಲ್ಲಿಸುವ ಮೋಟರ್‌ನ ಪಾರ್ಕ್ ಸ್ವಿಚ್ ನೋಡಿದರೆ ಬೀಪ್ ಕೇಳಿಸಿತು, ಅದು ಸರಿಯಿದೆ ಎಂದು ಬಿಟ್ಟರು. ಕೊನೆಗೆ ಫ್ಯೂಸ್ ಕಿತ್ತು ಮಾಲೀಕರ ಕೈಗೆ ಕೊಟ್ಟರು: ಮಳೆ ಬಂದಾಗ ಹಾಕಿಕೊಳ್ಳಿ, ನಿಂತಾಗ ತೆಗೆಯಿರಿ.

ಮಲೆನಾಡಿನ ಜೂನ್ ತಿಂಗಳಲ್ಲಿ ಇದು ನಡೆಯುವ ಮಾತಲ್ಲ. ಗಾಜು ಇರುವ ವಾಹನಕ್ಕೆ ವಿದ್ಯುತ್ತಿನಿಂದಲೋ ಬೇರೆ ಶಕ್ತಿಯಿಂದಲೋ ಓಡುವ, ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೆಯ ನಿಯಮವೂ ಹೇಳುತ್ತದೆ. ಅದಿರಲಿ, ಇಲ್ಲಿ ಗಮನಿಸಬೇಕಾದದ್ದು ಬೇರೆ. ಆ ಗ್ಯಾರೇಜಿನಲ್ಲಿ ಮಾಡಿದ ಎರಡು ಪರೀಕ್ಷೆಗಳೂ ಮೇಲ್ನೋಟಕ್ಕೆ ಸರಿಯಾದವೇ. ಎರಡೂ ತಪ್ಪು ಉತ್ತರ ಕೊಟ್ಟವು. ಯಾಕೆ ಎಂಬುದು ತಿಳಿಯಬೇಕಾದರೆ ಆಫ್ ಎಂದಾಗ ಸರ್ಕ್ಯೂಟಿನಲ್ಲಿ ಏನಾಗುತ್ತದೆ ಎಂದು ನೋಡಬೇಕು.

ಆಫ್ ಎಂದರೆ ಕರೆಂಟ್ ಕಡಿತ ಅಲ್ಲ

ಮನೆಯ ಫ್ಯಾನಿನ ಸ್ವಿಚ್ ಆಫ್ ಮಾಡಿದರೆ ಕರೆಂಟ್ ಕಡಿಯುತ್ತದೆ, ರೆಕ್ಕೆ ತನ್ನಷ್ಟಕ್ಕೆ ತಿರುಗಿ ಎಲ್ಲೋ ನಿಲ್ಲುತ್ತದೆ. ವೈಪರ್ ಹಾಗೆ ನಿಂತರೆ ಚಾಲಕನ ಕಣ್ಣೆದುರಿಗೇ ನಿಲ್ಲುತ್ತದೆ. ಅದಕ್ಕೆ ಲಿವರ್ ಆಫ್ ಆದಾಗಲೂ ಬ್ಲೇಡ್ ಕೆಳಗೆ ಬರುವವರೆಗೆ ಮೋಟರ್‌ಗೆ ಕರೆಂಟ್ ಸಿಗುತ್ತಲೇ ಇರಬೇಕು. ಆ ವ್ಯವಸ್ಥೆ ಮೋಟರ್‌ನ ಗೇರ್ ಪೆಟ್ಟಿಗೆಯೊಳಗೆ ಇದೆ. ಅದೇ ಪಾರ್ಕ್ ಸ್ವಿಚ್.

ಈ ಬಗೆಯ ಮೋಟರ್‌ಗೆ ಐದು ತಂತಿ. ಬಿ ಎಂಬುದು ಇಗ್ನಿಷನ್ ಮತ್ತು ಫ್ಯೂಸ್ ಮೂಲಕ ಬರುವ ಪಾಸಿಟಿವ್. ಇ ಎಂಬುದು ಅರ್ತ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ. +1 ನಿಧಾನ ವೇಗದ ಕಾರ್ಬನ್ ಬ್ರಷ್‌ಗೆ (ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), +2 ಜೋರು ವೇಗದ ಮೂರನೆಯ ಬ್ರಷ್‌ಗೆ. ಐದನೆಯದು ಎಸ್, ಪಾರ್ಕ್ ಸ್ವಿಚ್ಚಿನ ತಂತಿ. ಜಪಾನಿ ಮೂಲದ ಗಾಡಿಗಳ ವೈರಿಂಗ್ ನಕ್ಷೆಯಲ್ಲಿ ಈ ಹೆಸರುಗಳೇ ಕಾಣುತ್ತವೆ. ಜರ್ಮನ್ ಕ್ರಮದ ನಕ್ಷೆಯಲ್ಲಿ 53ಎ ಎಂದರೆ ಪಾಸಿಟಿವ್, 31 ಎಂದರೆ ಅರ್ತ್, 53 ನಿಧಾನ, 53ಬಿ ಜೋರು, 53ಇ ಪಾರ್ಕ್. ತಂತಿಯ ಬಣ್ಣ ನಂಬಬೇಡಿ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ಬಣ್ಣ ಬೇರೆ ಇರುತ್ತದೆ.

ಲಿವರ್ ಆಫ್‌ನಲ್ಲಿದ್ದಾಗ ಸ್ವಿಚ್ಚಿನ ಒಳಗೆ +1 ಮತ್ತು ಎಸ್ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಇಡೀ ಪ್ರಕರಣದ ಗಂಟು ಇರುವುದು ಈ ಒಂದು ಜೋಡಣೆಯಲ್ಲಿ. ಗೇರ್ ಚಕ್ರದ ಮುಖದ ಮೇಲೆ ಒಂದು ಹಿತ್ತಾಳೆ ಬಿಲ್ಲೆ, ಮುಚ್ಚಳದ ಒಳಬದಿಯಲ್ಲಿ ಸ್ಪ್ರಿಂಗ್‌ನಂತೆ ಬಾಗಿದ ಮೂರು ತಾಮ್ರದ ನಾಲಿಗೆಗಳು: ಒಂದು ಪಾಸಿಟಿವ್, ಒಂದು ಅರ್ತ್, ಒಂದು ಎಸ್. ಚಕ್ರದ ಸುತ್ತಿನ ಬಹುಪಾಲು ಎಸ್ ನಾಲಿಗೆ ಪಾಸಿಟಿವ್‌ಗೆ ತಾಗಿರುತ್ತದೆ. ಆಗ ಎಸ್‌ನಿಂದ ಕರೆಂಟ್ ಲಿವರ್‌ಗೆ ಹೋಗಿ, ಅಲ್ಲಿಂದ +1 ಮೂಲಕ ಮೋಟರ್‌ಗೆ ಮರಳಿ ಬಂದು ಅದನ್ನು ಓಡಿಸುತ್ತದೆ. ಬ್ಲೇಡ್ ಕೆಳಗೆ ತಲುಪಿದಾಗ ಹಿತ್ತಾಳೆಯಲ್ಲಿ ಕೆಲವೇ ಡಿಗ್ರಿಯಷ್ಟು ಅಗಲದ ಒಂದು ಕಚ್ಚು ಬರುತ್ತದೆ. ಅಲ್ಲಿ ಎಸ್ ಪಾಸಿಟಿವ್ ಬಿಟ್ಟು ಅರ್ತ್‌ಗೆ ತಾಗುತ್ತದೆ.

ಪಾಸಿಟಿವ್ ಬಿಟ್ಟರೆ ಸಾಕಲ್ಲ, ಅರ್ತ್‌ಗೆ ಯಾಕೆ ತಾಗಬೇಕು? ಮೋಟರ್ ಒಳಗೆ ಕಾಯಂ ಅಯಸ್ಕಾಂತ ಇದೆ. ಕರೆಂಟ್ ತೆಗೆದ ಕ್ಷಣ ತಿರುಗುತ್ತಿರುವ ಆರ್ಮೇಚರ್ (ತಂತಿ ಸುತ್ತಿದ ಒಳಭಾಗ) ಜನರೇಟರ್ ಆಗುತ್ತದೆ. ಅದರ ಎರಡು ತುದಿಯನ್ನೂ ಅರ್ತ್ ಮೂಲಕ ಒಂದಕ್ಕೊಂದು ಸೇರಿಸಿದರೆ ಹುಟ್ಟಿದ ಕರೆಂಟ್ ಅದನ್ನೇ ಹಿಡಿದು ನಿಲ್ಲಿಸುತ್ತದೆ. ಇದು ವೈಪರ್‌ನ ಬ್ರೇಕ್. ಈ ಬ್ರೇಕ್ ಇಲ್ಲದಿದ್ದರೆ ಮೋಟರ್ ತನ್ನ ಓಟದ ರಭಸಕ್ಕೆ ಆ ಸಣ್ಣ ಕಚ್ಚನ್ನು ದಾಟಿಬಿಡುತ್ತದೆ. ದಾಟಿದ ಕೂಡಲೇ ಎಸ್ ಮತ್ತೆ ಪಾಸಿಟಿವ್‌ಗೆ ತಾಗುತ್ತದೆ, ಇನ್ನೊಂದು ಸುತ್ತು ಶುರು. ಹೊರಗಿನಿಂದ ನೋಡುವವರಿಗೆ ಅದು ಆಫ್ ಆಗದ ವೈಪರ್.

ಮುಟ್ಟುವ ಮೊದಲು ನೋಡಿದ್ದು

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಹತ್ತು ನಿಮಿಷ ಗಾಡಿಯೊಳಗೆ ಕೂತು ವೈಪರನ್ನು ಸುಮ್ಮನೆ ಗಮನಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಈ ಗಾಡಿಯಲ್ಲಿ ಕಂಡದ್ದು ಹೀಗೆ.

ಒಣ ಗಾಜಿನ ಮೇಲೆ ಆಫ್ ಮಾಡಿದರೆ ಹತ್ತರಲ್ಲಿ ಆರೇಳು ಸಲ ಸರಿಯಾಗಿ ನಿಂತಿತು. ಗಾಜಿಗೆ ಬಕೆಟ್ ನೀರು ಸುರಿದರೆ ಒಮ್ಮೆಯೂ ನಿಲ್ಲಲಿಲ್ಲ. ಎಂಜಿನ್ ಆಫ್ ಇಟ್ಟು ಬರೀ ಇಗ್ನಿಷನ್ ಹಾಕಿದಾಗ, ಅಂದರೆ ಬ್ಯಾಟರಿ 12.3 ವೋಲ್ಟ್ ಇದ್ದಾಗ, ನಿಲ್ಲುವ ಸಾಧ್ಯತೆ ಹೆಚ್ಚು. ಎಂಜಿನ್ ಚಾಲೂ ಆಗಿ 14 ವೋಲ್ಟ್ ಬಂದಾಗ ಕಡಿಮೆ. ನಿಲ್ಲದೆ ಓಡುವಾಗಲೂ ಪ್ರತಿ ಸುತ್ತಿನ ಕೆಳತುದಿಯಲ್ಲಿ ಒಂದು ಚೂರು ತಡವರಿಸಿ, ಮುಗ್ಗರಿಸಿದಂತೆ ಮಾಡಿ ಮುಂದೆ ಹೋಗುತ್ತಿತ್ತು. ವೇಗ ಯಾವಾಗಲೂ ನಿಧಾನದ್ದೇ. ಜೋರು ವೇಗಕ್ಕೆ ಹಾಕಿ ಆಫ್‌ಗೆ ತಂದರೆ ನಿಧಾನಕ್ಕೆ ಇಳಿದು ಅಲ್ಲೇ ಮುಂದುವರಿಯುತ್ತಿತ್ತು.

ಸ್ವಿಚ್ಚೋ ರಿಲೇಯೋ ಅಂಟಿಕೊಂಡು +1ಕ್ಕೆ ಸತತವಾಗಿ ಕರೆಂಟ್ ಬರುತ್ತಿದ್ದರೆ ಕೆಳತುದಿಯಲ್ಲಿ ತಡವರಿಸಲು ಕಾರಣವೇ ಇಲ್ಲ. ಗಾಜು ಒಣಗಿದೆಯೋ ಒದ್ದೆಯೋ ಎಂಬುದು ಸ್ವಿಚ್ಚಿಗೆ ಗೊತ್ತಾಗುವುದಿಲ್ಲ. ಆ ತಡವರಿಕೆ ಎಂದರೆ ಮೋಟರ್‌ಗೆ ಕಚ್ಚಿನಲ್ಲಿ ಕರೆಂಟ್ ಕಡಿಯುತ್ತಿದೆ, ಹಿಡಿದು ನಿಲ್ಲಿಸುವವರು ಮಾತ್ರ ಯಾರೂ ಇಲ್ಲ. ಒಣ ಗಾಜಿನಲ್ಲಿ ರಬ್ಬರ್‌ನ ತಿಕ್ಕಾಟವೇ ಬ್ರೇಕ್ ಕೆಲಸ ಮಾಡಿತು. ನೀರು ಬಿದ್ದಾಗ ಆ ತಿಕ್ಕಾಟ ಹೋಯಿತು. ವೋಲ್ಟೇಜ್ ಏರಿದಾಗ ವೇಗ ಏರಿತು, ರಭಸವೂ ಏರಿತು.

ಹೊಸ ಬ್ಲೇಡ್ ಹಾಕಿದ ಮೇಲೆ ತೊಂದರೆ ಬಂತು ಎನ್ನುವ ಮಾಲೀಕರ ಮಾತು ಆಗ ಅರ್ಥವಾಯಿತು. ಗಟ್ಟಿಯಾದ ಹಳೆಯ ರಬ್ಬರ್ ಗಾಜನ್ನು ಎಳೆಯುತ್ತಿತ್ತು. ಹೊಸದು ಜಾರುತ್ತದೆ. ದೋಷ ಮೊದಲೇ ಇತ್ತು, ಹೊಸ ಬ್ಲೇಡ್ ಅದನ್ನು ಬಯಲಿಗೆ ಎಳೆಯಿತು ಅಷ್ಟೆ. ಮಾಲೀಕರು ಹೇಳುವುದನ್ನು ಕಾರಣ ಎಂದು ತೆಗೆದುಕೊಳ್ಳಬಾರದು, ಸುಳಿವು ಎಂದು ಖಂಡಿತ ತೆಗೆದುಕೊಳ್ಳಬೇಕು.

ಅದೇ ಬ್ಲೇಡ್ ಗಾಜಿನ ಮಧ್ಯೆ ನಿಲ್ಲುತ್ತಿದ್ದರೆ ಹುಡುಕುವ ದಾರಿಯೇ ಬೇರೆ. ಆಗ ಎಸ್ ದಾರಿ ಎಲ್ಲೋ ತುಂಡಾಗಿದೆ, ಪಾಸಿಟಿವ್ ಸಿಗುತ್ತಿಲ್ಲ ಎಂದರ್ಥ. ಸತತ ಜೋರು ವೇಗದಲ್ಲಿ ಓಡುತ್ತಿದ್ದರೆ +2 ತಂತಿಗೆ ಎಲ್ಲಿಂದಲೋ ಪಾಸಿಟಿವ್ ತಾಗಿದೆ. ಕೆಲವು ಸೆಕೆಂಡಿಗೊಮ್ಮೆ ಒಂದೊಂದೇ ಸಲ ಒರೆಸುತ್ತಿದ್ದರೆ ಬಿಟ್ಟು ಬಿಟ್ಟು ಒರೆಸುವ ರಿಲೇ ಅಥವಾ ನೀರು ಚಿಮ್ಮಿಸುವ ವಾಷರ್ ಸ್ವಿಚ್ಚಿನ ಕಡೆ ನೋಡಬೇಕು. ಕೀ ತೆಗೆದರೂ ಓಡುತ್ತಿದ್ದರೆ ಇಗ್ನಿಷನ್ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿದೆಯೇ ಎಂದು ಮೊದಲು ನೋಡಿ, ವೈಪರ್ ಆಮೇಲೆ.

ಮೊದಲ ಪರೀಕ್ಷೆ ಎಲ್ಲಿ ಎಡವಿತು

ಲಿವರ್‌ನ ಕಪ್ಲರ್ ಕಳಚಿದಾಗ ವೈಪರ್ ನಿಂತಿತು, ನಿಜ. ಆದರೆ ಕಪ್ಲರ್ ಕಳಚಿದರೆ +1 ಮತ್ತು ಎಸ್ ನಡುವಿನ ಜೋಡಣೆಯೂ ಹೋಗುತ್ತದೆ. ಪಾರ್ಕ್ ಸ್ವಿಚ್‌ನಿಂದ ಬರುವ ಕರೆಂಟಿಗೂ ಲಿವರೇ ದಾರಿ. ಹಾಗಾಗಿ ಸ್ವಿಚ್ ಕೆಟ್ಟಿದ್ದರೂ ನಿಲ್ಲುತ್ತದೆ, ಪಾರ್ಕ್ ಸ್ವಿಚ್ ಕೆಟ್ಟಿದ್ದರೂ ನಿಲ್ಲುತ್ತದೆ. ಎರಡಕ್ಕೂ ಒಂದೇ ಉತ್ತರ ಕೊಡುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಕಪ್ಲರ್ ಕಳಚಿದ ಮೇಲೂ ವೈಪರ್ ಓಡುತ್ತಲೇ ಇದ್ದಿದ್ದರೆ ಮಾತ್ರ ಅದರಿಂದ ಒಂದು ಖಚಿತ ಮಾತು ಸಿಗುತ್ತಿತ್ತು: ಲಿವರ್ ಮತ್ತು ಮೋಟರ್ ನಡುವಿನ ವೈರಿಂಗಿನಲ್ಲಿ ಪಾಸಿಟಿವ್ ತಾಗಿದೆ ಎಂದು.

ಸರಿಯಾದ ಪರೀಕ್ಷೆಗೆ ಲಿವರ್ ಕಡೆ ಅಲ್ಲ, ಮೋಟರ್ ಕಡೆಯ ಕಪ್ಲರ್ ಕಳಚಬೇಕು. ಆಗ ಪಾರ್ಕ್ ಸ್ವಿಚ್ ಸರ್ಕ್ಯೂಟಿನಿಂದ ಹೊರಗೆ ಬರುತ್ತದೆ, ಲಿವರ್ ಮತ್ತು ವೈರಿಂಗ್ ಒಳಗೇ ಉಳಿಯುತ್ತವೆ. ಈಗ ಇಗ್ನಿಷನ್ ಹಾಕಿ, ಲಿವರ್ ಆಫ್‌ನಲ್ಲಿಟ್ಟು, ಗಾಡಿ ಕಡೆಯ ಕಪ್ಲರ್‌ನಲ್ಲಿ +1 ಪಿನ್ನಿಗೆ ಮತ್ತು ಅರ್ತ್‌ಗೆ ಟೆಸ್ಟ್ ಲ್ಯಾಂಪ್ (ತಂತಿ ಜೋಡಿಸಿದ ಬಲ್ಬ್) ಹಿಡಿಯಬೇಕು. ಲ್ಯಾಂಪ್ ಹೊತ್ತಿದರೆ ಸ್ವಿಚ್, ರಿಲೇ ಅಥವಾ ವೈರಿಂಗ್ ತಪ್ಪಿತಸ್ಥ. ಹೊತ್ತದಿದ್ದರೆ ಆ ಮೂರೂ ನಿರಪರಾಧಿಗಳು, ಕರೆಂಟ್ ಬರುತ್ತಿರುವುದು ಮೋಟರ್ ಒಳಗಿನಿಂದಲೇ.

ಈ ಗಾಡಿಯಲ್ಲಿ ಲ್ಯಾಂಪ್ ಹೊತ್ತಲಿಲ್ಲ. ಲಿವರ್ ನಿಧಾನಕ್ಕೆ ಹಾಕಿದಾಗ ಪೂರ್ತಿ ಬೆಳಗಿತು, ಆಫ್ ಮಾಡಿದ ಕೂಡಲೇ ಆರಿತು. ತೆಗೆದು ಚೀಲದಲ್ಲಿಟ್ಟಿದ್ದ ಹಳೆಯ ಸ್ವಿಚ್ ಜೋಡಿಸಿ ನೋಡಿದರೂ ಅದೇ ಫಲ. ಹಳೆಯ ಸ್ವಿಚ್ಚಿನಲ್ಲಿ ಏನೂ ದೋಷವಿರಲಿಲ್ಲ.

ಇಲ್ಲಿ ಮೀಟರ್ ಬಿಟ್ಟು 21 ವ್ಯಾಟ್‌ನ ಬಲ್ಬ್ ಹಿಡಿಯುವುದಕ್ಕೆ ಕಾರಣ ಇದೆ. ಒದ್ದೆಯಾದ ಕಪ್ಲರ್‌ನಲ್ಲಿ ಸೋರುವ ಅಲ್ಪ ಕರೆಂಟಿಗೂ ಡಿಜಿಟಲ್ ಮೀಟರ್ ಏಳೆಂಟು ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬಿಗೆ ನಿಜವಾದ ಕರೆಂಟ್ ಬೇಕು, ಅದು ಸುಳ್ಳು ಹೇಳುವುದಿಲ್ಲ. ಆದರೆ ಇದೇ ಬಲ್ಬನ್ನು ಏರ್‌ಬ್ಯಾಗ್ ವೈರಿಂಗ್ ಹತ್ತಿರ ಒಯ್ಯಬೇಡಿ. ಸ್ಟೇರಿಂಗ್ ಕೆಳಗಿನ ಹಳದಿ ಕಪ್ಲರ್‌ಗಳನ್ನು ಮುಟ್ಟುವ ಕೆಲಸವೇ ಬೇಡ. ಲಿವರ್ ಬಿಚ್ಚಲೇಬೇಕಾದರೆ ಬ್ಯಾಟರಿ ನೆಗೆಟಿವ್ ತೆಗೆದು, ಆ ಗಾಡಿಯ ಕೈಪಿಡಿ ಹೇಳುವಷ್ಟು ಹೊತ್ತು ಕಾದು ಕೈ ಹಾಕಿ.

ಎರಡನೆಯ ಪರೀಕ್ಷೆಯ ಬೀಪ್

ಎಸ್ ಮತ್ತು ಇ ನಡುವೆ ಬೀಪ್ ಬಂತು, ಆದ್ದರಿಂದ ಪಾರ್ಕ್ ಸ್ವಿಚ್ ಸರಿ ಎಂದಿದ್ದರಲ್ಲ, ಆ ಮೀಟರ್ ಹಿಡಿದದ್ದು ಕಪ್ಲರ್ ಸೇರಿಸಿಟ್ಟು ಹಿಂಬದಿಯಿಂದ. ಆಫ್‌ನಲ್ಲಿ ಎಸ್ ಲಿವರ್ ಮೂಲಕ +1ಕ್ಕೆ ಸೇರಿದೆ, +1 ಆರ್ಮೇಚರ್ ಮೂಲಕ ಅರ್ತ್‌ಗೆ ಸೇರಿದೆ. ವೈಪರ್ ಮೋಟರ್‌ನ ಆರ್ಮೇಚರ್ ರೆಸಿಸ್ಟೆನ್ಸ್ ಒಂದು ಓಮ್‌ನ ಆಸುಪಾಸು, ಬ್ರಷ್ ಕೂತ ಜಾಗ ನೋಡಿಕೊಂಡು ತುಸು ಹೆಚ್ಚುಕಡಿಮೆ. ಅಷ್ಟಕ್ಕೆ ಯಾವ ಮೀಟರಾದರೂ ಬೀಪ್ ಹೊಡೆಯುತ್ತದೆ. ಕೇಳಿಸಿದ್ದು ಪಾರ್ಕ್ ಸ್ವಿಚ್ಚಿನ ಬೀಪ್ ಅಲ್ಲ, ಆರ್ಮೇಚರ್‌ನದು.

ಕಪ್ಲರ್ ಕಳಚಿ ಮೋಟರ್ ಕಡೆಯ ಪಿನ್ನುಗಳಲ್ಲೇ ಅಳೆದಾಗ ನಿಜ ಹೊರಬಂತು. ಬೀಪ್ ಬಿಟ್ಟು ಓಮ್ ಇಟ್ಟು, ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ನೋಡಿದರೆ 0.2 ಓಮ್, ಇದನ್ನು ಎಲ್ಲ ಅಳತೆಯಿಂದ ಕಳೆಯಬೇಕು. ಬ್ಲೇಡ್ ಗಾಜಿನ ನಡುವೆ ಇದ್ದಾಗ ಎಸ್ ಮತ್ತು ಬಿ ನಡುವೆ 0.4 ಓಮ್ ಬಂತು. ಅಂದರೆ ಓಡಿಸುವ ದಾರಿ ಚೆನ್ನಾಗಿದೆ. ಬ್ಲೇಡ್ ಕೆಳಗೆ, ಪಾರ್ಕ್ ಜಾಗದಲ್ಲಿದ್ದಾಗ ಎಸ್ ಮತ್ತು ಬಿ ನಡುವೆ ಏನೂ ಇಲ್ಲ. ಅದೂ ಸರಿ. ಪಾರ್ಕ್ ಜಾಗದಲ್ಲೇ ಎಸ್ ಮತ್ತು ಇ ನಡುವೆ ಒಂದು ಓಮ್‌ಗಿಂತ ಕಡಿಮೆ ಬರಬೇಕಿತ್ತು. ಬಂದದ್ದು ನೂರಾರು ಓಮ್, ಮೋಟರ್ ಮೈಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಮ್ಮೆ 40, ಮರುಕ್ಷಣ ಪೂರ್ತಿ ತುಂಡು.

ಮೋಟರನ್ನು ಕಚ್ಚಿನ ಜಾಗಕ್ಕೆ ತಂದು ನಿಲ್ಲಿಸುವುದೇ ಇಲ್ಲಿ ತಾಳ್ಮೆಯ ಕೆಲಸ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಇರುವ ತಂತಿ ತಂದು +1 ಪಿನ್ನಿಗೆ ಒಂದೊಂದು ಕ್ಷಣ ಮುಟ್ಟಿಸಿ ಬಿಟ್ಟು, ಇ ಪಿನ್ನಿಗೆ ಅರ್ತ್ ಕೊಟ್ಟು, ಬ್ಲೇಡನ್ನು ಹಂತಹಂತವಾಗಿ ಕೆಳಗೆ ತರಬೇಕು. ಒಂದು ಎಚ್ಚರಿಕೆ: ಬ್ರೇಕ್ ಬರುತ್ತದೆಯೇ ನೋಡೋಣ ಎಂದು ಗಾಡಿ ಚಾಲೂ ಇರುವಾಗ ಎಸ್ ತಂತಿಯನ್ನು ಅರ್ತ್‌ಗೆ ತಾಗಿಸಲು ಹೋಗಬೇಡಿ. ಕಚ್ಚು ಬಿಟ್ಟು ಉಳಿದ ಜಾಗದಲ್ಲೆಲ್ಲ ಎಸ್‌ನಲ್ಲಿ ನೇರ ಪಾಸಿಟಿವ್ ಇದೆ. ಫ್ಯೂಸ್ ಹಾರುತ್ತದೆ, ಹಾರದಿದ್ದರೆ ಹಿತ್ತಾಳೆ ಬಿಲ್ಲೆ ಸುಡುತ್ತದೆ.

ಇ ಪಿನ್ನಿನ ಅರ್ತ್ ತಂತಿಯನ್ನೂ ಬಿಡಲಿಲ್ಲ. ಗಾಡಿ ಕಡೆಯ ಇ ಪಿನ್ನಿಗೂ ಬ್ಯಾಟರಿ ಪಾಸಿಟಿವ್‌ಗೂ ಅದೇ 21 ವ್ಯಾಟ್ ಬಲ್ಬ್ ಜೋಡಿಸಿದಾಗ ಪೂರ್ತಿ ಬೆಳಕು. ಬಲ್ಬ್ ಹೊತ್ತಿರುವಾಗಲೇ ಇ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ 0.04 ವೋಲ್ಟ್. ಚೊಕ್ಕ ಅರ್ತ್. ಇದು ಕೆಟ್ಟಿದ್ದರೆ ಮೋಟರ್ ಎಲ್ಲ ವೇಗದಲ್ಲೂ ಸೊರಗಿ ಓಡಬೇಕಿತ್ತು, ಹಾಗಿರಲಿಲ್ಲ. ಅಂತೂ ಉಳಿದದ್ದು ಒಂದೇ ಜಾಗ: ಗೇರ್ ಪೆಟ್ಟಿಗೆಯ ಒಳಗಿನ ಅರ್ತ್ ನಾಲಿಗೆ.

ಬಿಚ್ಚಿದಾಗ

ಮೊದಲು ಫ್ಯೂಸ್ ತೆಗೆಯಬೇಕು. ಮೋಟರ್‌ನ ತಿರುಗಾಟವನ್ನು ತೋಳುಗಳಿಗೆ ಒಯ್ಯುವ ವೈಪರ್ ಲಿಂಕೇಜ್ ಬೆರಳು ಮುರಿಯುವಷ್ಟು ಬಲದಿಂದ ತಿರುಗುತ್ತದೆ, ಅರ್ಧದಲ್ಲಿ ನಿಂತ ಮೋಟರ್ ಇಗ್ನಿಷನ್ ಬಂದ ಕೂಡಲೇ ಓಡುತ್ತದೆ. ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಬ್ಲೇಡ್ ಇಲ್ಲದ ವೈಪರ್ ತೋಳು ಸ್ಪ್ರಿಂಗ್ ಎಳೆತಕ್ಕೆ ಗಾಜಿಗೆ ಬಡಿದರೆ ಮೋಟರ್‌ಗಿಂತ ದುಬಾರಿ ಕೆಲಸ ಎದುರಾಗುತ್ತದೆ. ಬ್ಲೇಡ್ ಕೂತಿದ್ದ ಜಾಗವನ್ನು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡು ತೋಳಿನ ನಟ್ ಬಿಚ್ಚಬೇಕು. ತೋಳು ಹಲ್ಲುಹಲ್ಲಾದ ಶಾಫ್ಟ್ ಮೇಲೆ ಬಿಗಿಯಾಗಿ ಕಚ್ಚಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಹದಿನೈದು ನಿಮಿಷ ಬಿಟ್ಟು, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಬರುತ್ತದೆ. ಬರದಿದ್ದರೆ ಸಣ್ಣ ಪುಲ್ಲರ್ ಹಾಕಿ. ಗಾಜಿನ ಅಂಚಿಗೆ ಸ್ಕ್ರೂಡ್ರೈವರ್ ಆನಿಸಿ ಎತ್ತುವುದು ಮಾತ್ರ ಬೇಡ.

ಬಾನೆಟ್ಟಿಗೂ ಗಾಜಿಗೂ ನಡುವಿನ ಪ್ಲಾಸ್ಟಿಕ್ ಜಾಲರಿ ತೆಗೆದಾಗಲೇ ಮೂಲ ಕಾರಣ ಕಣ್ಣಿಗೆ ಬಿತ್ತು. ಗಾಡಿ ನಿಲ್ಲುವುದು ಹಲಸಿನ ಮರದ ಕೆಳಗೆ. ಜಾಲರಿಯ ಕೆಳಗಿನ ತೊಟ್ಟಿಯಲ್ಲಿ ಕೊಳೆತ ಎಲೆ, ಮಣ್ಣು ಸೇರಿ ಎರಡು ಹಿಡಿ ಗೊಬ್ಬರ. ನೀರು ಹರಿದುಹೋಗಬೇಕಾದ ಎರಡೂ ತುದಿಯ ತೂತು ಮುಚ್ಚಿಹೋಗಿದ್ದವು. ಮೋಟರ್‌ನ ಗೇರ್ ಪೆಟ್ಟಿಗೆಯ ಮೇಲೆ ನೀರು ನಿಂತ ಗೆರೆ ಸ್ಪಷ್ಟವಾಗಿತ್ತು. ವೈಪರ್ ಮೋಟರ್ ಮಳೆಹನಿ ತಡೆಯುತ್ತದೆ, ನೀರಿನಲ್ಲಿ ಮುಳುಗಿರಲು ಮಾಡಿದ್ದಲ್ಲ. ಓಡುವಾಗ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ತಣಿಯುವಾಗ ಗಾಳಿ ಒಳಗೆ ಎಳೆಯುತ್ತದೆ. ಸುತ್ತ ನೀರಿದ್ದರೆ ಗಾಳಿಯ ಬದಲು ನೀರನ್ನೇ ಎಳೆಯುತ್ತದೆ.

ಮೋಟರ್‌ನ ಶಾಫ್ಟಿಗೆ ಹಾಕಿರುವ ಕ್ರ್ಯಾಂಕ್ ತೋಳನ್ನು ಬಿಚ್ಚುವ ಮುಂಚೆ ಶಾಫ್ಟ್ ಮತ್ತು ತೋಳು ಎರಡರ ಮೇಲೂ ಸೇರುವಂತೆ ಪೇಂಟ್ ಗೆರೆ ಎಳೆಯಿರಿ. ಇದನ್ನು ಮರೆತರೆ ಜೋಡಿಸುವಾಗ ಪಾರ್ಕ್ ಜಾಗ ತಪ್ಪುತ್ತದೆ, ವೈಪರ್ ಗಾಜಿನ ನಟ್ಟನಡುವೆ ನಿಲ್ಲುತ್ತದೆ!

ಮೇಜಿನ ಮೇಲೆ ಮೋಟರ್ ಇಟ್ಟು ಇನ್ನೊಂದು ಪರೀಕ್ಷೆ. +1ಕ್ಕೆ ಪಾಸಿಟಿವ್, ಇಗೆ ನೆಗೆಟಿವ್ ಕೊಟ್ಟು ಓಡಿಸಿ, ಪಾಸಿಟಿವ್ ತಂತಿ ತೆಗೆದರೆ ಶಾಫ್ಟ್ ಇನ್ನೂ ಸ್ವಲ್ಪ ಜಾರಿ ನಿಂತಿತು. ಮತ್ತೆ ಓಡಿಸಿ, ಪಾಸಿಟಿವ್ ತೆಗೆದ ಕೂಡಲೇ +1 ಪಿನ್ನನ್ನು ಇ ಪಿನ್ನಿಗೆ ತಂತಿಯಿಂದ ಸೇರಿಸಿದರೆ ಗಕ್ಕನೆ ನಿಂತಿತು. ಆರ್ಮೇಚರ್, ಬ್ರಷ್, ಅಯಸ್ಕಾಂತ ಮೂರೂ ಸರಿಯಿವೆ, ಬ್ರೇಕ್‌ಗೆ ಬೇಕಾದ ದಾರಿಯೊಂದು ಇಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದಾಗ ಬಿಳಿಯಿರಬೇಕಿದ್ದ ಗ್ರೀಸ್ ಕಪ್ಪು ಮೇಣವಾಗಿತ್ತು. ಹಿತ್ತಾಳೆ ಸವೆದ ಪುಡಿ, ನೀರು, ಹಳೆಯ ಗ್ರೀಸ್ ಸೇರಿದ ಮಿಶ್ರಣ ಅದು. ಮೂರು ನಾಲಿಗೆಗಳಲ್ಲಿ ಎರಡು ಹೊಳೆಯುತ್ತಿದ್ದವು. ಅರ್ತ್ ನಾಲಿಗೆ ಹಸಿರು ಕಿಲುಬು ಹಿಡಿದು, ಬಿಗಿ ಕಳೆದುಕೊಂಡು ಬಿಲ್ಲೆಯಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ನೀರು ನಿಲ್ಲುವ ಕೆಳಬದಿಗೆ ಇದ್ದದ್ದೂ ಅದೇ ನಾಲಿಗೆ.

ದುರಸ್ತಿ

ಕಂಪನಿಯ ಕ್ರಮ ಎಂದರೆ ಇಡೀ ಮೋಟರ್ ಬದಲಿಸುವುದು. ಹಿತ್ತಾಳೆ ಬಿಲ್ಲೆ ಪ್ಲಾಸ್ಟಿಕ್ ಚಕ್ರದಿಂದ ಎದ್ದಿದ್ದರೆ, ಸುಟ್ಟು ಕರಗಿದ್ದರೆ, ಗೇರ್ ಹಲ್ಲು ಸವೆದಿದ್ದರೆ ಅದೇ ಸರಿ. ಇಲ್ಲಿ ಬಿಲ್ಲೆ ಗಟ್ಟಿಯಾಗಿತ್ತು, ಹಲ್ಲು ಚೆನ್ನಾಗಿತ್ತು. ಸ್ವಿಚ್ಚಿಗೆ ಸುಮ್ಮನೆ ಹಣ ಸುರಿದ ಮಾಲೀಕರಿಗೆ ಮತ್ತೊಂದು ಹೊಸ ಭಾಗ ಹೇರುವುದು ನ್ಯಾಯವೂ ಅಲ್ಲ.

ಹಳೆಯ ಗ್ರೀಸ್ ಪೂರ್ತಿ ಒರೆಸಿ ತೆಗೆದು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯಲಾಯಿತು. ಪೆಟ್ರೋಲ್ ಹಾಕಿ ತೊಳೆಯುವ ಅಭ್ಯಾಸ ಹಲವರಿಗಿದೆ. ಬೆಂಕಿಯ ಭಯ ಒಂದು ಕಡೆ, ಕೆಲವು ಪ್ಲಾಸ್ಟಿಕ್ಕಿಗೆ ಅದು ಆಗಿಬರುವುದಿಲ್ಲ ಎಂಬುದು ಇನ್ನೊಂದು. ಕಿಲುಬನ್ನು 1000 ನಂಬರಿನ ನೀರುಕಾಗದದಿಂದ (ನಯವಾದ ಉಜ್ಜುಕಾಗದ) ಹಗುರವಾಗಿ ಉಜ್ಜಿ, ಬಿಲ್ಲೆಯನ್ನು ಬರೀ ಪೆನ್ಸಿಲ್ ರಬ್ಬರಿನಿಂದ ತಿಕ್ಕಲಾಯಿತು. ಒರಟು ಎಮರಿ ಕಾಗದ ಹಾಕಿದರೆ ಗೀರು ಬೀಳುತ್ತದೆ, ಆ ಗೀರೇ ನಾಲಿಗೆಯನ್ನು ಬೇಗ ತಿನ್ನುತ್ತದೆ. ಪಾಸಿಟಿವ್ ಮತ್ತು ಅರ್ತ್ ಭಾಗಗಳ ನಡುವೆ ಹಿತ್ತಾಳೆ ಇಲ್ಲದ ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ಕೂತ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯುವುದು ಬಹಳ ಮುಖ್ಯ. ಆ ಪುಡಿ ಸೇತುವೆಯಾದರೆ ಪಾಸಿಟಿವ್ ನೇರ ಅರ್ತ್‌ಗೆ ಹೋಗಿ ಪ್ರತಿ ಸುತ್ತಿಗೂ ಫ್ಯೂಸ್ ಮೇಲೆ ಹೊಡೆತ ಬೀಳುತ್ತದೆ.

ನಾಲಿಗೆಯನ್ನು ಸೂಜಿಮೂತಿ ಇಕ್ಕಳದಿಂದ ಸುಮಾರು 1 ಮಿ.ಮೀ. ಮಾತ್ರ ಕೆಳಕ್ಕೆ ಬಾಗಿಸಿದ್ದು. ಉಳಿದೆರಡು ನಾಲಿಗೆಗಳ ಎತ್ತರವೇ ಇದಕ್ಕೆ ಅಳತೆ. ಹೆಚ್ಚು ಬಾಗಿಸಿದರೆ ಹಿತ್ತಾಳೆಯಲ್ಲಿ ಕಾಲುವೆ ತೋಡುತ್ತದೆ. ಗೇರ್ ಹಲ್ಲಿಗೆ ಲಿಥಿಯಂ ಗ್ರೀಸ್, ಬಿಲ್ಲೆಗೆ ಬೆರಳಲ್ಲಿ ಸವರಿದಷ್ಟು ತೆಳುವಾಗಿ ಕಾಂಟ್ಯಾಕ್ಟ್ ಗ್ರೀಸ್. ಮುಚ್ಚಳದ ಅಂಚಿಗೆ ಸಿಲಿಕೋನ್ ಹಚ್ಚುವಾಗ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿದೆಯೇ ನೋಡಬೇಕು. ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿ ತಾಮ್ರಕ್ಕೆ ಮತ್ತೆ ಅದೇ ಹಸಿರು ಹಿಡಿಸುತ್ತದೆ. ಮೋಟರ್‌ನ ಗಾಳಿ ತೂತನ್ನು ಸಿಲಿಕೋನ್‌ನಿಂದ ಮುಚ್ಚಬಾರದು. ಮುಚ್ಚಿದರೆ ಶಾಫ್ಟ್ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ.

ಮುಚ್ಚಿದ ಮೇಲೆ ಪಾರ್ಕ್ ಜಾಗದಲ್ಲಿ ಎಸ್ ಮತ್ತು ಇ ನಡುವೆ ಕಡ್ಡಿಯ 0.2 ಸೇರಿ 0.4 ಓಮ್. ತಟ್ಟಿದರೂ ಅಲುಗಲಿಲ್ಲ.

ಜೋಡಿಸುವ ಮೊದಲು ತೊಟ್ಟಿ ಬಳಿದು, ಎರಡೂ ತೂತುಗಳನ್ನು ತಂತಿ ಹಾಕಿ ಬಿಡಿಸಿ, ಒಂದೊಂದು ಬದಿಗೂ ಒಂದು ಲೀಟರ್ ನೀರು ಹೊಯ್ದು, ಅಷ್ಟೂ ಗಾಡಿಯ ಕೆಳಗೆ ಹರಿದು ಬಿದ್ದದ್ದನ್ನು ನೋಡಲಾಯಿತು. ಈ ಕೆಲಸ ಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಗಾಡಿ ಮತ್ತೆ ಬರುತ್ತಿತ್ತು. ಕ್ರ್ಯಾಂಕ್ ತೋಳನ್ನು ಗೆರೆಗೆ ಗೆರೆ ಕೂರಿಸಿ, ಕಪ್ಲರ್ ಸೇರಿಸಿ, ವೈಪರ್ ತೋಳು ಹಾಕುವ ಮುಂಚೆಯೇ ಒಮ್ಮೆ ಆನ್ ಮಾಡಿ ಆಫ್ ಮಾಡಬೇಕು. ಮೋಟರ್ ತಾನಾಗಿ ಪಾರ್ಕ್ ಜಾಗಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ತೋಳುಗಳನ್ನು ಗಾಜಿನ ಟೇಪಿಗೆ ಸರಿಯಾಗಿ ಇಟ್ಟು ನಟ್ ಬಿಗಿಯುವುದು.

ಪರೀಕ್ಷೆ ಒದ್ದೆ ಗಾಜಿನ ಮೇಲೆ, ಎಂಜಿನ್ ಚಾಲೂ ಇಟ್ಟು. ಒಣ ಗಾಜಿನಲ್ಲಿ ಮೊದಲೂ ನಿಲ್ಲುತ್ತಿತ್ತಾದ್ದರಿಂದ ಅಲ್ಲಿ ನಿಂತದ್ದಕ್ಕೆ ಬೆಲೆ ಇಲ್ಲ. ನಿಧಾನದಿಂದ ಆಫ್ ಇಪ್ಪತ್ತು ಸಲ, ಜೋರಿನಿಂದ ಆಫ್ ಇಪ್ಪತ್ತು ಸಲ, ವಾಷರ್ ಒತ್ತಿ ಬಿಟ್ಟು ಐದಾರು ಸಲ. ಒಮ್ಮೆಯೂ ಮುಂದೆ ಹೋಗಲಿಲ್ಲ. ಕೊನೆಗೆ ಬ್ಲೇಡ್ ಗಾಜಿನ ನಡುವೆ ಇರುವಾಗ ಇಗ್ನಿಷನ್ ತೆಗೆದು, ಲಿವರ್ ಆಫ್ ಮಾಡಿ, ಮತ್ತೆ ಇಗ್ನಿಷನ್ ಹಾಕಿದಾಗ ಬ್ಲೇಡ್ ತಾನೇ ಕೆಳಗೆ ಬಂದು ಕೂತಿತು.

ಬೇರೆ ಗಾಡಿಯಲ್ಲಿ ಇದೇ ದೂರು ಬಂದರೆ

ಮೋಟರ್ ಕಪ್ಲರ್ ಕಳಚಿದ ಪರೀಕ್ಷೆಯಲ್ಲಿ ಬಲ್ಬ್ ಹೊತ್ತಿದ್ದರೆ ದಾರಿ ಲಿವರ್ ಕಡೆ ತಿರುಗುತ್ತದೆ. ಆಗ ಲಿವರ್‌ನ ಕಪ್ಲರ್ ಕೂಡ ಕಳಚಿ. ಬಲ್ಬ್ ಆರಿದರೆ ಸ್ವಿಚ್ ಅಥವಾ ಅದರೊಳಗಿನ ರಿಲೇ, ಆರದಿದ್ದರೆ ವೈರಿಂಗ್. ರಿಲೇ ಪ್ರತ್ಯೇಕವಾಗಿ ಫ್ಯೂಸ್ ಪೆಟ್ಟಿಗೆಯಲ್ಲಿರುವ ಗಾಡಿಗಳಲ್ಲಿ ಅದನ್ನು ಕಿತ್ತು ನೋಡುವುದು ಇನ್ನೂ ಸುಲಭ. ವೈರಿಂಗ್ ಸಾಮಾನ್ಯವಾಗಿ ಉಜ್ಜಿಹೋಗುವುದು ಡ್ಯಾಶ್‌ಬೋರ್ಡಿನಿಂದ ಎಂಜಿನ್ ಕಡೆಗೆ ತೂರುವ ರಬ್ಬರ್ ಬಳೆಯ ಹತ್ತಿರ. ಇಲಿ ಕಡಿದ ಗಾಡಿಗಳೂ ಮಲೆನಾಡಿನಲ್ಲಿ ಕಡಿಮೆಯೇನಲ್ಲ.

ಹೊಸ ಗಾಡಿಗಳಲ್ಲಿ ಲಿವರ್ ನೇರ ಮೋಟರ್‌ಗೆ ಕರೆಂಟ್ ಕೊಡುವುದಿಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರಿಗೆ ಸೂಚನೆ ಕೊಡುತ್ತದೆ. ಪಾರ್ಕ್ ಸ್ವಿಚ್ಚಿನ ತಂತಿಯೂ ಅಲ್ಲಿಗೇ ಹೋಗುತ್ತದೆ. ಅಂಥ ಗಾಡಿಯಲ್ಲಿ ಸ್ಕ್ಯಾನರ್ ಹಾಕಿ ಎರಡು ಸಾಲು ನೋಡಿ: ಲಿವರ್ ಆಫ್ ಎಂದು ತೋರಿಸುತ್ತಿದೆಯೇ, ಬ್ಲೇಡ್ ಕೆಳಗೆ ಬಂದಾಗ ಪಾರ್ಕ್ ಸೂಚನೆ ಬದಲಾಗುತ್ತಿದೆಯೇ. ಲಿವರ್ ಆಫ್ ಬಂದು ಪಾರ್ಕ್ ಬದಲಾಗದಿದ್ದರೆ ಮತ್ತೆ ಇದೇ ಗೇರ್ ಪೆಟ್ಟಿಗೆಯ ಕಥೆ. ಮಳೆ ಸೆನ್ಸರ್ ಇದ್ದರೆ ಲಿವರ್ ಆಟೋದಲ್ಲಿ ಉಳಿದಿದೆಯೇ ಎಂದು ಮೊದಲು ನೋಡಿ. ನಗು ಬರಬಹುದು, ಆದರೆ ಅದೂ ದೂರಾಗಿ ಬರುತ್ತದೆ.

ದುರಸ್ತಿಯ ತನಕ ಗಾಡಿ ಓಡಿಸಲೇಬೇಕಾದರೆ ಮಳೆಯಲ್ಲಿ ಓಡುತ್ತಿರಲಿ ಬಿಡಿ, ಒದ್ದೆ ಗಾಜಿಗೆ ಹಾನಿಯಿಲ್ಲ. ಮಳೆ ನಿಂತಾಗ ಗಾಡಿಯನ್ನು ಬದಿಗೆ ನಿಲ್ಲಿಸಿ, ಬ್ಲೇಡ್ ಕೆಳಗೆ ಬಂದ ಕ್ಷಣ ಇಗ್ನಿಷನ್ ತೆಗೆದು, ಆಮೇಲೆ ಫ್ಯೂಸ್ ಕೀಳಿ. ಒಣ ಗಾಜಿನ ಮೇಲೆ ಹತ್ತಾರು ಕಿಲೋಮೀಟರ್ ಓಡಲು ಬಿಟ್ಟರೆ ರಬ್ಬರ್ ಹರಿಯುತ್ತದೆ, ಅದರಡಿ ಸಿಕ್ಕ ಮರಳು ಗಾಜಿನ ಮೇಲೆ ಅಳಿಸಲಾಗದ ಬಿಲ್ಲು ಬರೆಯುತ್ತದೆ.